ಜುಮ್ಮಲ್‌ನಿಂದ ಗೋಮೆನಕ್ಕೆ: ಒಂದು ಹಗ್ಗದ ಪದ ನಡೆದ ಹಾದಿ

ಮನುಷ್ಯನು ಕಂಡುಕೊಂಡ ಅತ್ಯಂತ ಹಳೆಯ ಉಪಕರಣಗಳಲ್ಲಿ ಹಗ್ಗವೂ ಒಂದು. ಹಗ್ಗವಿಲ್ಲದೆ ಎತ್ತು ನೊಗಕ್ಕೆ ಬಾರದು, ಬಾವಿಯ ನೀರು ಮೇಲೇರದು, ಹಡಗು ದಡದಲ್ಲಿ ನಿಲ್ಲದು. ಮುರಗೋಡ, ಬೈಲಹೊಂಗಲ, ಸವದತ್ತಿ ಸೀಮೆಯ ಎರೆಭೂಮಿಯ ರೈತನಿಗೆ ಹಗ್ಗ ಎಂಬ ಒಂದೇ ಪದ ಸಾಕಾಗುವುದಿಲ್ಲ. ದನವನ್ನು ಕಟ್ಟುವುದು ಕಣ್ಣಿ, ಸಾಲಾಗಿ ಕಟ್ಟುವುದು ದಾವಣಿ, ಮೂಗಿಗೆ ಪೋಣಿಸುವುದು ಮೂಗುದಾರ, ನೊಗಕ್ಕೂ ನೇಗಿಲಿಗೂ ನಡುವೆ ಬಿಗಿಯುವುದು ಮಿಣಿ. ಒಂದೊಂದು ಕೆಲಸಕ್ಕೆ ಒಂದೊಂದು ಹೆಸರು.

ಇವೆಲ್ಲಕ್ಕೂ ಹಿರಿಯಣ್ಣನಂತಿರುವ 'ಹಗ್ಗ' ಎಂಬ ಪದವನ್ನೇ ನೋಡಿ. ಹಳಗನ್ನಡದಲ್ಲಿ ಇದು 'ಪಗ್ಗ'. ಸಂಸ್ಕೃತದ 'ಪ್ರಗ್ರಹ', ಅಂದರೆ ಬಿಗಿಯಾಗಿ ಹಿಡಿಯುವಂಥದ್ದು, ಲಗಾಮು ಎಂಬ ಪದ ಪ್ರಾಕೃತದ ಬಾಯಲ್ಲಿ ಸವೆದು ಪಗ್ಗವಾಯಿತು. ಕನ್ನಡದಲ್ಲಿ ಪಕಾರವು ಹಕಾರವಾದಾಗ ಹಗ್ಗವಾಯಿತು. ಹೊರಗಿನಿಂದ ಬಂದ ಪದವೆಂದು ಇದನ್ನು ಇಂದು ಯಾರೂ ದೂರ ಇಡುವುದಿಲ್ಲ. ಅದು ನಮ್ಮ ಹಟ್ಟಿಯ, ನಮ್ಮ ಹೊಲದ ಪದವಾಗಿದೆ.

ಪದಗಳಿಗೂ ಮನುಷ್ಯರಿಗೂ 'ನೀನು ಎಲ್ಲಿಯವನು' ಎಂದು ಕೇಳುವ ಕಾಲದಲ್ಲಿ ನಾವಿದ್ದೇವೆ. ಆ ಪ್ರಶ್ನೆಗೆ ಎರಡು ಬಗೆಯ ತಪ್ಪು ಉತ್ತರಗಳಿವೆ. ಹೊರಗಿನಿಂದ ಬಂದದ್ದೆಲ್ಲ ಪರಕೀಯ ಎನ್ನುವುದು ಒಂದು. ಜಗತ್ತಿನಲ್ಲಿ ಒಳ್ಳೆಯದೆಲ್ಲವೂ ನಮ್ಮಿಂದಲೇ ಹೋದದ್ದು ಎನ್ನುವುದು ಇನ್ನೊಂದು. ಈ ಎರಡಕ್ಕೂ ಸಿಲುಕದೆ, ಮೆಡಿಟರೇನಿಯನ್ ಕಡಲಿನ ನಾವಿಕರು ಶತಮಾನಗಳ ಕಾಲ ಬಳಸಿದ ಹಗ್ಗದ ಪದವೊಂದರ ಇತಿಹಾಸವನ್ನು ನೋಡೋಣ. ಆ ಪದದ ಬೇರು ಪವಿತ್ರ ಕುರ್‌ಆನಿನ ಒಂದು ವಚನದ ವ್ಯಾಖ್ಯಾನದವರೆಗೂ ಚಾಚಿದೆ.

ನಾವಿಕರ ಹಗ್ಗ

ಇಟಲಿ ಭಾಷೆಯಲ್ಲಿ 'ಗೋಮೆನ', ಕೆಟಲಾನ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ 'ಗೂಮೆನ' ಎಂಬ ಪದವಿದೆ. ಇದು ಸಾಮಾನ್ಯ ಹಗ್ಗವಲ್ಲ. ಲಂಗರನ್ನು ಇಳಿಬಿಡಲು, ಹಡಗನ್ನು ಬಂದರಿನ ಕಂಬಕ್ಕೆ ಬಿಗಿಯಲು ಬಳಸುತ್ತಿದ್ದ ಅತ್ಯಂತ ದಪ್ಪನೆಯ ಹಗ್ಗ. ಅದನ್ನು ಹೊಸೆಯುವ ಕ್ರಮವೇ ಬೇರೆ. ಮೊದಲು ನಾರನ್ನು ನೂಲಾಗಿ ತಿರುವಬೇಕು. ನೂಲುಗಳನ್ನು ಸೇರಿಸಿ ಹುರಿ, ಮೂರು ಹುರಿಗಳನ್ನು ಸೇರಿಸಿ ಹಗ್ಗ. ಅಂತಹ ಮೂರು ಹಗ್ಗಗಳನ್ನು ಮತ್ತೆ ಎದುರು ದಿಕ್ಕಿಗೆ ತಿರುವಿ ಹೊಸೆದಾಗ ಒಂಬತ್ತು ಹುರಿಗಳ ಮಹಾಹಗ್ಗ ಸಿದ್ಧವಾಗುತ್ತದೆ. ಅಂದರೆ ಅದು ಹಗ್ಗಗಳಿಂದಲೇ ಆದ ಹಗ್ಗ. ಇಂಥದ್ದನ್ನು ಹೊಸೆಯಲು ಉದ್ದನೆಯ ಜಾಗ ಬೇಕು. ವೆನಿಸ್ ನಗರದ ಹಡಗುಕಟ್ಟೆಯಲ್ಲಿ ಇದಕ್ಕೆಂದೇ ಕಟ್ಟಿದ ಶಾಲೆಯು 300 ಮೀಟರಿಗಿಂತಲೂ ಉದ್ದವಾಗಿದ್ದು, ಆ ಕಟ್ಟಡ ಇಂದಿಗೂ ನಿಂತಿದೆ.

ಈ ಗೋಮೆನ ಎಂಬ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ತೃಪ್ತಿಕರವಾದ ಮೂಲ ಸಿಗುವುದಿಲ್ಲ. ಅರಬಿಯ 'ಜುಮ್ಮಲ್' ಅಥವಾ ಅದರ ಹಗುರ ರೂಪವಾದ 'ಜುಮಲ್' ಇದರ ಮೂಲವೆಂಬುದು ಪದಮೂಲ ಶೋಧಿಸಿದ ವಿದ್ವಾಂಸರಲ್ಲಿ ಪ್ರಬಲವಾಗಿರುವ ಅಭಿಪ್ರಾಯ. ಅರಬಿಯಲ್ಲಿ ಜುಮ್ಮಲ್ ಎಂದರೆ ಹಡಗಿನ ದಪ್ಪ ಹಗ್ಗ. ಅರ್ಥವು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ.

ಜುಮ್ಮಲ್ ಗೋಮೆನವಾಗುವುದು ಹೇಗೆ ಎಂಬ ಸಂಶಯ ಸಹಜ. ಇದಕ್ಕೆ ಉತ್ತರ ನಮ್ಮ ನಾಲಗೆಯ ಮೇಲೆಯೇ ಇದೆ. ಅರಬಿಯ ಜೀಮ್ ಅಕ್ಷರವನ್ನು ಈಜಿಪ್ಟಿನ ಕೈರೋ ಕಡೆಯ ಜನ ಇಂದಿಗೂ 'ಗ' ಎಂದೇ ಉಚ್ಚರಿಸುತ್ತಾರೆ. ಜಮಾಲ್ ಅಲ್ಲಿ ಗಮಾಲ್ ಆಗುತ್ತದೆ. ಲಕಾರ ಮತ್ತು ನಕಾರಗಳು ನಾಲಗೆಯ ತುದಿಯ ನೆರೆಹೊರೆಯವು. ಎಷ್ಟೋ ಭಾಷೆಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ. ಮೈಸೂರಿನವರು ನಿಂಬೆಹಣ್ಣು ಎನ್ನುವುದನ್ನು ಬೈಲಹೊಂಗಲದ ಸಂತೆಯಲ್ಲಿ ಲಿಂಬಿಹಣ್ಣು ಎನ್ನುವುದಿಲ್ಲವೇ? ಇನ್ನು ಕೊನೆಗೊಂದು ಸ್ವರ ಸೇರಿಸುವುದಂತೂ ಕನ್ನಡಿಗರಿಗೆ ಹೊಸತಲ್ಲ. ತಾರೀಖ್ ಎಂಬುದನ್ನು ತಾರೀಖು ಎಂದೂ, ತಅಲ್ಲುಕ್ ಎಂಬುದನ್ನು ತಾಲೂಕು ಎಂದೂ ನಾವು ಮಾಡಿಕೊಂಡಿದ್ದೇವೆ. ವ್ಯಂಜನದಲ್ಲಿ ನಿಂತ ಪದಕ್ಕೆ ಇಟಲಿಯವರು ತಮ್ಮ ಭಾಷೆಗೊಪ್ಪುವ ಅಕಾರವೊಂದನ್ನು ಸೇರಿಸಿದರು.

ಜ, ಮ, ಲ: ಕೂಡಿಸುವ ಬೇರು

ಅರಬಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಬೇರಿನಿಂದ ಚಿಗುರುತ್ತವೆ. ಜೀಮ್, ಮೀಮ್, ಲಾಮ್ ಎಂಬ ಬೇರಿಗೆ ಒಟ್ಟುಗೂಡಿಸುವುದು ಎಂಬ ಅರ್ಥವಿದೆ. ಇದರಿಂದಲೇ 'ಜುಮ್ಲ' ಎಂಬ ಪದ ಬಂತು. ವ್ಯಾಕರಣದಲ್ಲಿ ಅದು ಪದಗಳು ಕೂಡಿ ಆದ ವಾಕ್ಯ. ಲೆಕ್ಕದಲ್ಲಿ ಅಂಕಿಗಳು ಕೂಡಿ ಆದ ಮೊತ್ತ. ಉತ್ತರ ಕರ್ನಾಟಕದ ಹಳೆಯ ಲೆಕ್ಕಪತ್ರಗಳಲ್ಲಿ ಒಟ್ಟು ಮೊತ್ತಕ್ಕೆ 'ಜುಮಲಾ' ಎಂದು ಬರೆಯುತ್ತಿದ್ದುದು ಇದೇ ಪದ. ನಮ್ಮ ಅನೇಕ ಮನೆಗಳಲ್ಲಿ, ಲಗ್ನಪತ್ರಿಕೆಗಳಲ್ಲಿ ಕಾಣುವ 786 ಎಂಬ ಸಂಖ್ಯೆಯೂ ಅಕ್ಷರಗಳ ಬೆಲೆಗಳನ್ನು ಕೂಡಿಸಿ ಬಂದದ್ದು. ಆ ಎಣಿಕೆಯ ವಿಧಾನಕ್ಕೆ ಅರಬಿಯಲ್ಲಿ 'ಹಿಸಾಬುಲ್ ಜುಮ್ಮಲ್' ಎಂದೇ ಹೆಸರು.

ಹಗ್ಗಕ್ಕೆ ಜುಮ್ಮಲ್ ಎಂಬ ಹೆಸರು ಬಂದುದಕ್ಕೂ ಅರಬಿ ನಿಘಂಟುಕಾರರು ಇದೇ ಕಾರಣವನ್ನು ಕೊಡುತ್ತಾರೆ. ಅನೇಕ ಹಗ್ಗಗಳನ್ನು ಒಟ್ಟುಗೂಡಿಸಿ ಒಂದಾಗಿಸಿದ್ದೇ ಜುಮ್ಮಲ್. ಒಂಬತ್ತು ಹುರಿಗಳ ಲಂಗರು ಹಗ್ಗಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇನ್ನಾವುದಿದ್ದೀತು?

ಸೂಜಿಯ ಕಣ್ಣು

ಈಗ ಕುರ್‌ಆನಿನ ವಚನಕ್ಕೆ ಬರೋಣ. ಸೂರಃ ಅಲ್ ಅಅ್‌ರಾಫ್‌ನ 40ನೇ ಸೂಕ್ತದಲ್ಲಿ, ಅಲ್ಲಾಹನ ದೃಷ್ಟಾಂತಗಳನ್ನು ನಿರಾಕರಿಸಿ ಅಹಂಕಾರದಿಂದ ಮುಖ ತಿರುಗಿಸಿದವರ ಕುರಿತು ಎಚ್ಚರಿಕೆಯಿದೆ. ಸೂಜಿಯ ಕಣ್ಣಿನಲ್ಲಿ ಒಂಟೆಯು ತೂರಿಹೋಗುವ ತನಕ ಅಂಥವರಿಗೆ ಸ್ವರ್ಗದ ಪ್ರವೇಶವಿಲ್ಲ ಎಂಬುದು ಅದರ ಆಶಯ. ಇಲ್ಲಿ ಒಂಟೆಗೆ ಬಳಕೆಯಾದ ಪದ 'ಜಮಲ್'.

ಆರಂಭಕಾಲದ ಮುಸ್‌ಹಫ್‌ಗಳಲ್ಲಿ ಹ್ರಸ್ವ ಸ್ವರಗಳ ಗುರುತುಗಳಿರಲಿಲ್ಲ, ದ್ವಿತ್ವ ಸೂಚಿಸುವ ಚಿಹ್ನೆಯೂ ಇರಲಿಲ್ಲ. ಆದ್ದರಿಂದ ಬರವಣಿಗೆಯಲ್ಲಿ ಜಮಲ್ ಮತ್ತು ಜುಮ್ಮಲ್ ಒಂದೇ ರೂಪದಲ್ಲಿದ್ದವು. ಪಾರಾಯಣವು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಸಾಗಿ ಬಂದುದರಿಂದ ಓದುವಿಕೆ ಉಳಿಯಿತು. ಎಲ್ಲ ಪ್ರಮುಖ ನಗರಗಳ ಪಾರಾಯಣ ವಿದ್ವಾಂಸರು ಓದಿದ್ದು, ಇಂದು ನಾವು ನಮಾಝಿನಲ್ಲಿ ಕೇಳುವುದು, ಜಮಲ್ ಎಂದೇ. ಆದರೆ ಪ್ರವಾದಿವರ್ಯರ(ಸ) ಚಿಕ್ಕಪ್ಪನ ಮಗನೂ ಕುರ್‌ಆನ್ ವ್ಯಾಖ್ಯಾನದ ಹಿರಿಯ ಆಚಾರ್ಯರೂ ಆದ ಅಬ್ದುಲ್ಲಾ ಇಬ್ನ್ ಅಬ್ಬಾಸ್(ರ) ಅವರಿಂದ ಜುಮ್ಮಲ್ ಎಂಬ ಓದುವಿಕೆಯೂ ವರದಿಯಾಗಿದೆ. ಅದರ ಪ್ರಕಾರ ಸೂಜಿಯ ಕಣ್ಣಿನ ಮುಂದೆ ನಿಂತಿರುವುದು ಒಂಟೆಯಲ್ಲ, ಹಡಗಿನ ದಪ್ಪ ಹಗ್ಗ. ಸೂಜಿಗೆ ದಾರ ಪೋಣಿಸುವುದು ಲೋಕದ ರೂಢಿ. ದಾರದ ಜಾಗದಲ್ಲಿ ಲಂಗರಿನ ಹಗ್ಗವನ್ನು ಇಟ್ಟರೆ ಉಪಮೆ ಹೆಚ್ಚು ಹೊಂದುತ್ತದೆ ಎಂಬ ವಿವರಣೆಯನ್ನೂ ಅವರ ಹೆಸರಿನಲ್ಲಿ ದಾಖಲಿಸಲಾಗಿದೆ. ಸೂರಃ ಅಲ್ ಮುರ್ಸಲಾತ್‌ನಲ್ಲಿ ನರಕದ ಕಿಡಿಗಳನ್ನು ಹೋಲಿಸಿದ ಪದವನ್ನೂ ಅವರು ಹಡಗಿನ ಹಗ್ಗಗಳೆಂದು ವಿವರಿಸಿದುದು ಇಮಾಮ್ ಬುಖಾರಿಯವರ ಸಂಗ್ರಹದಲ್ಲಿದೆ. ಮನುಷ್ಯರ ನಡುವಿನಷ್ಟು ದಪ್ಪವಾಗುವ ತನಕ ಒಟ್ಟುಗೂಡಿಸಿದ ಹಗ್ಗಗಳು ಎಂಬುದು ಅಲ್ಲಿಯ ವರ್ಣನೆ.

ಮತ್ತೊಬ್ಬ ಮಹಾನ್ ಸಹಾಬಿ ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ಅವರನ್ನು ಜಮಲ್ ಎಂದರೇನು ಎಂದು ಕೇಳಿದಾಗ, ಹೆಣ್ಣು ಒಂಟೆಯ ಗಂಡ ಎಂದು ಚುಟುಕಾಗಿ ಉತ್ತರಿಸಿದರಂತೆ. ಇಷ್ಟು ಸರಳವಾದುದರಲ್ಲಿ ಗೂಢಾರ್ಥ ಹುಡುಕಬೇಡಿ ಎಂಬ ಮೆಲುನಗೆ ಆ ಉತ್ತರದಲ್ಲಿದೆ. ಮುಂದೆ ಇಮಾಮ್ ತಬರಿ (ನಿಧನ 923) ತಮ್ಮ ಬೃಹತ್ ವ್ಯಾಖ್ಯಾನದಲ್ಲಿ ಎರಡೂ ಅಭಿಪ್ರಾಯಗಳನ್ನು ವರದಿಗಾರರ ಹೆಸರುಗಳೊಂದಿಗೆ ದಾಖಲಿಸಿ, ಬಹುಮತದ ಜಮಲ್ ಎಂಬ ಓದುವಿಕೆಯನ್ನು ಎತ್ತಿಹಿಡಿದರು. ಝಮಖ್ಶರಿ (ನಿಧನ 1144) ಸಹ ಅದೇ ಮಾಡಿದರು. ದೇಹದ ಹಿರಿದುತನಕ್ಕೆ ಅರಬರಲ್ಲಿ ಒಂಟೆಯೇ ಗಾದೆಯ ಮಾತು, ಇಕ್ಕಟ್ಟಿಗೆ ಸೂಜಿಯ ಕಣ್ಣೇ ಗಾದೆಯ ಮಾತು ಎಂಬುದು ಅವರ ವಾದ.

ಇದೇ ಪ್ರಶ್ನೆ ಕ್ರೈಸ್ತ ವಿದ್ವಾಂಸರನ್ನೂ ಕಾಡಿತ್ತು. ಧನವಂತನು ದೇವರ ರಾಜ್ಯ ಸೇರುವುದಕ್ಕಿಂತ ಒಂಟೆಯು ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಅರ್ಥದ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಗ್ರೀಕ್‌ನಲ್ಲಿ ಒಂಟೆ 'ಕಾಮೆಲೋಸ್', ಹಡಗಿನ ಹಗ್ಗ 'ಕಾಮಿಲೋಸ್'. ಐದನೆಯ ಶತಮಾನದ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಿರಿಲ್, ಅಲ್ಲಿರುವುದು ನಾವಿಕರ ದಪ್ಪ ಹಗ್ಗವೆಂದೇ ವಿವರಿಸಿದ್ದರು. ಎರಡು ಧರ್ಮಗಳ ಪಂಡಿತರು, ಎರಡು ಭಾಷೆಗಳಲ್ಲಿ, ಒಂದೇ ಸೂಜಿಯ ಮುಂದೆ ಒಂಟೆಯನ್ನೂ ಹಗ್ಗವನ್ನೂ ಇಟ್ಟು ಯೋಚಿಸಿದ್ದರು.

ಒಂಟೆಯಾಗಲಿ ಹಗ್ಗವಾಗಲಿ, ವಚನದ ತಿರುಳು ಬದಲಾಗುವುದಿಲ್ಲ. ಅಹಂಕಾರದಿಂದ ಊದಿಕೊಂಡ ಮನುಷ್ಯ ಆ ಬಾಗಿಲಲ್ಲಿ ಹಿಡಿಸಲಾರ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ನಮ್ಮ ಹಿರಿಯರ ನಡವಳಿಕೆ. ತಬರಿಯವರು ತಾವು ಒಪ್ಪದ ಓದುವಿಕೆಯನ್ನು ಅಳಿಸಿಹಾಕಲಿಲ್ಲ. ಹೇಳಿದವರ ಹೆಸರಿನೊಂದಿಗೆ ಗೌರವದಿಂದ ಬರೆದಿಟ್ಟರು. ಇಂದು ಸಣ್ಣ ಭಿನ್ನಾಭಿಪ್ರಾಯಕ್ಕೂ ಮಸೀದಿಗಳು ಬೇರೆಯಾಗುವುದನ್ನು, ಅಣ್ಣತಮ್ಮಂದಿರು ಸಲಾಮ್ ನಿಲ್ಲಿಸುವುದನ್ನು ಕಾಣುತ್ತಿರುವ ನಮಗೆ ಇದರಲ್ಲಿ ಪಾಠವಿದೆ.

ಪದ ಕಡಲು ದಾಟಿದ್ದು

ವ್ಯಾಖ್ಯಾನ ಗ್ರಂಥಗಳಲ್ಲಿ ವಿದ್ವಾಂಸರು ಚರ್ಚಿಸಿದ ಈ ಪದ ಬಂದರುಗಳಲ್ಲಿ ಕೂಲಿಗಳ ಬಾಯಲ್ಲೂ ಇತ್ತು. 711ರಲ್ಲಿ ಅರಬರು ಮತ್ತು ಬರ್ಬರರು ಸ್ಪೇನನ್ನು ಪ್ರವೇಶಿಸಿದರು. 827ರಲ್ಲಿ ಸಿಸಿಲಿಯಲ್ಲಿ ಇಳಿದರು. ಮುಂದಿನ ಶತಮಾನಗಳಲ್ಲಿ ವೆನಿಸ್, ಜಿನೋವಾ, ಬಾರ್ಸಿಲೋನಗಳ ವರ್ತಕರು ಅಲೆಕ್ಸಾಂಡ್ರಿಯದ ಬಂದರಿಗೆ ಎಡೆಬಿಡದೆ ಬರುತ್ತಿದ್ದರು. ಯುದ್ಧವೂ ನಡೆಯಿತು, ವ್ಯಾಪಾರವೂ ನಡೆಯಿತು. ಹಡಗು ಕಟ್ಟುವವರು ಮತ್ತು ಹಗ್ಗ ಎಳೆಯುವವರು ಪರಸ್ಪರ ಮಾತು ಕಲಿತರು.

ಅದಕ್ಕೆ ಇನ್ನೂ ಸಾಕ್ಷಿಗಳಿವೆ. ಕೆಲಸದ ಮನೆ ಎಂಬ ಅರ್ಥದ 'ದಾರುಸ್ಸಿನಾಅ' ಇಟಲಿಯಲ್ಲಿ 'ದಾರ್ಸೆನ' ಎಂದೂ 'ಆರ್ಸೆನಾಲೆ' ಎಂದೂ ಆಯಿತು. ಬಾರ್ಸಿಲೋನದ ಹಳೆಯ ಹಡಗುಕಟ್ಟೆಗೆ ಇಂದಿಗೂ 'ದ್ರಸಾನೆಸ್' ಎಂಬ ಹೆಸರಿದೆ. 'ಅಮೀರ್' ಎಂಬುದು ನೌಕಾಧಿಪತಿಯನ್ನು ಸೂಚಿಸುವ 'ಅಡ್ಮಿರಲ್' ಆಯಿತು. ಹತ್ತಿಗೆ ಅರಬಿಯಲ್ಲಿ 'ಕುತ್ನ್'. ಅದು ಇಟಲಿಯಲ್ಲಿ 'ಕೋತೋನೆ', ಸ್ಪೇನಿನಲ್ಲಿ 'ಅಲ್ಗೊದೋನ್', ಇಂಗ್ಲಿಷಿನಲ್ಲಿ 'ಕಾಟನ್'. ಬೈಲಹೊಂಗಲದ ಪೇಟೆಗೆ ಹತ್ತಿ ತಂದ ರೈತ ಅದನ್ನು ಕಾಟನ್ ಎಂದಾಗ, ತನಗರಿವಿಲ್ಲದೆ ಒಂದು ಅರಬಿ ಪದವನ್ನು ಯುರೋಪಿನ ದಾರಿಯಿಂದ ಸುತ್ತಿಸಿ ತರುತ್ತಾನೆ.

ನಮ್ಮದಲ್ಲದ್ದನ್ನು ನಮ್ಮದೆನ್ನಬಾರದು

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಫ್ರೆಂಚ್, ಸ್ಪ್ಯಾನಿಷ್ ಮತ್ತು ಇಂಗ್ಲಿಷಿನ 'ಕೇಬಲ್' ಎಂಬ ಪದವೂ ಅರಬಿಯ 'ಹಬ್ಲ್' ಎಂಬುದರಿಂದಲೇ ಬಂದಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಬ್ಲ್ ಎಂದರೆ ಹಗ್ಗ; ಧ್ವನಿಯೂ ಅರ್ಥವೂ ಹತ್ತಿರ ಹತ್ತಿರ ಇವೆ. ಆದರೆ ಕಾಲಗಣನೆ ಇದನ್ನು ಒಪ್ಪುವುದಿಲ್ಲ. ಸ್ಪೇನಿನ ಸೆವಿಲ್ ನಗರದ ಧರ್ಮಾಧ್ಯಕ್ಷ ಇಸಿಡೋರ್ ತಮ್ಮ ಪದಕೋಶದಲ್ಲಿ 'ಕಾಪುಲುಮ್' ಎಂಬ ಹಗ್ಗದ ಪದವನ್ನು ಬರೆದು, ಹಿಡಿ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅದನ್ನು ಬಿಡಿಸಿದ್ದಾರೆ. ಪಳಗದ ಪಶುಗಳನ್ನು ಹಿಡಿಯುವುದರಿಂದ ಆ ಹೆಸರು ಎಂದಿದ್ದಾರೆ. ಕೇಬಲ್ ಹುಟ್ಟಿದ್ದು ಇದರಿಂದ. ಇಸಿಡೋರ್ ತೀರಿಕೊಂಡದ್ದು 636ರಲ್ಲಿ. ಅರಬರು ಸ್ಪೇನಿಗೆ ಕಾಲಿಟ್ಟದ್ದು ಅದಾಗಿ 75 ವರ್ಷಗಳ ನಂತರ.

ಆದ್ದರಿಂದ ಗೋಮೆನವನ್ನು ಅರಬಿಯದೆಂದು ಹೇಳುವ ಅದೇ ಬಾಯಿ, ಕೇಬಲ್ ಅರಬಿಯದಲ್ಲ ಎಂದೂ ಹೇಳಬೇಕು. ಸಾಕ್ಷ್ಯವು ನಮಗೇ ವಿರುದ್ಧವಾಗಿದ್ದರೂ ನ್ಯಾಯದ ಪರ ನಿಲ್ಲಬೇಕೆಂದು ಸೂರಃ ಅನ್ನಿಸಾ ಆದೇಶಿಸುತ್ತದೆ. ಆ ಆದೇಶ ನ್ಯಾಯಾಲಯಕ್ಕೆ ಮಾತ್ರ ಸೀಮಿತವಲ್ಲ. ಇತಿಹಾಸ ಹೇಳುವವನಿಗೂ ಅನ್ವಯಿಸುತ್ತದೆ. ಸುಳ್ಳು ಹಿರಿಮೆಯನ್ನು ಒಂದೆಡೆ ಸೇರಿಸಿದರೆ, ಪಕ್ಕದಲ್ಲಿರುವ ನಿಜವಾದ ಹಿರಿಮೆಯನ್ನೂ ಕೇಳುಗ ಸಂಶಯದಿಂದ ನೋಡುತ್ತಾನೆ. ಕಾಕತಾಳೀಯವಾಗಿ, ಇಸಿಡೋರ್ ಹೇಳಿದ 'ಹಿಡಿಯುವಂಥದ್ದು' ಎಂಬ ಅರ್ಥವೇ ನಮ್ಮ ಪ್ರಗ್ರಹಕ್ಕೂ ಇದೆ. ಪರಸ್ಪರ ಕೇಳದೆಯೇ ಎರಡು ಜನಾಂಗಗಳು ಹಗ್ಗವನ್ನು ಒಂದೇ ಕಣ್ಣಿನಿಂದ ಕಂಡಿದ್ದವು.

ನಮ್ಮ ಕರಾವಳಿಯ ನಾರು

ಹಗ್ಗದ ಪದಗಳು ಪಶ್ಚಿಮದಿಂದ ಪಶ್ಚಿಮಕ್ಕೆ ಮಾತ್ರ ಹೋಗಲಿಲ್ಲ. ನಮ್ಮ ಕಡಲತೀರದಿಂದಲೂ ಹೋದವು. ತೆಂಗಿನ ನಾರಿನ ಹಗ್ಗಕ್ಕೆ ಪೋರ್ಚುಗೀಸರು 'ಕೈರೊ' ಎಂದರು. 1498ರ ನಂತರ ಮಲಬಾರಿನಲ್ಲಿ ಇಳಿದ ಅವರು ಮಲಯಾಳದ 'ಕಯರ್' ಎಂಬ ಪದವನ್ನೇ ಎತ್ತಿಕೊಂಡಿದ್ದರು. ಇಂಗ್ಲಿಷಿನ 'ಕಾಯರ್' ಅದರದೇ ಬಳಗ. ಉಪ್ಪುನೀರಿಗೆ ಹೆದರದ, ಅಲೆಯ ಹೊಡೆತಕ್ಕೆ ಹಿಗ್ಗಿ ಕುಗ್ಗುವ ಈ ಹಗ್ಗವನ್ನು ಪೋರ್ಚುಗೀಸ್ ಇತಿಹಾಸಕಾರ ಜೊವಾವ್ ದೆ ಬಾರೋಸ್ ಹದಿನಾರನೆಯ ಶತಮಾನದಲ್ಲಿ ಹೊಗಳಿ ಬರೆದಿದ್ದಾರೆ.

ಅವರಿಗಿಂತ ಬಹು ಮೊದಲೇ ಅರಬಿ ಬರಹಗಾರರಿಗೆ ಇದು 'ಕನ್‌ಬರ್' ಎಂಬ ಹೆಸರಿನಲ್ಲಿ ತಿಳಿದಿತ್ತು. ಸುಮಾರು 1030ರಲ್ಲಿ ಅಲ್‌ಬೀರೂನಿ ಈ ಭಾಗದ ದ್ವೀಪಗಳಲ್ಲಿ ಕೆಲವನ್ನು ಕವಡೆಯ ದ್ವೀಪಗಳೆಂದೂ ಕೆಲವನ್ನು ಕನ್‌ಬರ್ ದ್ವೀಪಗಳೆಂದೂ ಹೆಸರಿಸಿದರು. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ, ಅಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಪಾಠಶಾಲೆಗಳನ್ನು ಕಂಡುದಾಗಿಯೂ, ಆ ಊರಿನ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿಕೊಂಡಿದ್ದರೆಂದೂ ಬರೆದಿದ್ದಾರೆ. ಭಾರತ ಮತ್ತು ಯಮನ್‌ನ ಹಡಗುಗಳನ್ನು ಕಬ್ಬಿಣದ ಮೊಳೆಗಳಿಲ್ಲದೆ ಈ ನಾರಿನ ಹಗ್ಗದಿಂದಲೇ ಹೊಲಿಯುತ್ತಿದ್ದರು, ಬಂಡೆಗೆ ತಾಗಿದರೂ ಅವು ಬಾಗಿ ಉಳಿಯುತ್ತಿದ್ದವು ಎಂದೂ ಅವರೇ ವಿವರಿಸಿದ್ದಾರೆ. ಹಾಗಾದರೆ ಹೊನ್ನಾವರದ ಮನೆಗಳೊಳಗೆ ಒಂಟೆ ಮತ್ತು ಸೂಜಿಯ ವಚನ ಮೊಳಗುತ್ತಿದ್ದ ಕಾಲದಲ್ಲಿ, ಹೊರಗೆ ಶರಾವತಿಯ ಮುಖದಲ್ಲಿ ಹಗ್ಗದಿಂದ ಹೊಲಿದ ಹಡಗುಗಳು ತೂಗುತ್ತಿದ್ದವು.

ಈ ನಂಟು ನಿನ್ನೆ ಮೊನ್ನೆಯವರೆಗೂ ಇತ್ತು. ಲಕ್ಷದ್ವೀಪದ ಉತ್ತರ ಭಾಗದ ಅಮಿನಿದಿವಿ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಅಲ್ಲಿಯ ಮುಸ್ಲಿಮ್ ಕುಟುಂಬಗಳು ಹೊಸೆದ ನಾರಿನ ಹುರಿ ದೋಣಿಗಳಲ್ಲಿ ಮಂಗಳೂರಿಗೆ ಬಂದು, ಸರಕಾರದ ಏಕಸ್ವಾಮ್ಯದಡಿ ಅಕ್ಕಿಗೆ ಬದಲಾಗುತ್ತಿತ್ತು. ದ್ವೀಪದ ಒಲೆ ಉರಿಯುವುದು ಹಗ್ಗವನ್ನು ಅವಲಂಬಿಸಿತ್ತು.

ಹೊಸೆಯುವ ಕೈಗಳು

ಪದಗಳ ಇತಿಹಾಸ ಹೇಳುವಾಗ ಹೊಸೆದ ಕೈಗಳನ್ನು ಮರೆಯಬಾರದು. ಬೇಡಿ ಬದುಕುವುದಕ್ಕಿಂತ ಹಗ್ಗ ಹಿಡಿದು ಹೋಗಿ ಸೌದೆಯ ಹೊರೆ ಹೊತ್ತು ತಂದು ಮಾರುವುದು ಉತ್ತಮವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹನ್ನೆರಡನೆಯ ಶತಮಾನದ ಕನ್ನಡ ನಾಡಿನಲ್ಲಿ ನುಲಿಯ ಚಂದಯ್ಯ ಎಂಬ ಶರಣರು ಹುಲ್ಲಿನ ಹಗ್ಗ ಹೊಸೆದು ಮಾರಿ ಬದುಕಿದರು. ನುಲಿ ಎಂಬ ಕಸುಬಿನ ಮಾತೇ ಅವರ ಹೆಸರಿಗೆ ಸೇರಿತು. ದುಡಿದು ತಿನ್ನುವ ಗೌರವವನ್ನು ಎರಡು ಪರಂಪರೆಗಳೂ ಒಂದು ತುಂಡು ಹಗ್ಗದಲ್ಲೇ ಕಂಡಿರುವುದು ನೆರೆಹೊರೆಯವರಾದ ನಾವು ನೆನಪಿಡಬೇಕಾದ ಮಾತು.

ಕುರ್‌ಆನಿನಲ್ಲಿ ಹಬ್ಲ್ ಎಂಬ ಪದ ಬರುವ ಅತ್ಯಂತ ಪರಿಚಿತ ಸ್ಥಳ ಸೂರಃ ಆಲಿ ಇಮ್ರಾನ್‌ನ 103ನೇ ಸೂಕ್ತ. ಅಲ್ಲಾಹನ ಹಗ್ಗವನ್ನು ಎಲ್ಲರೂ ಕೂಡಿ ಬಲವಾಗಿ ಹಿಡಿಯಿರಿ, ಚದುರಿಹೋಗಬೇಡಿ ಎಂಬುದು ಅಲ್ಲಿಯ ಕರೆ. ಜುಮ್ಮಲ್‌ನ ಕಥೆಯನ್ನು ತಿಳಿದವರಿಗೆ ಈ ಕರೆಯ ಇನ್ನೊಂದು ಮಗ್ಗುಲು ಕಾಣುತ್ತದೆ. ಹಗ್ಗದಲ್ಲಿ ಯಾವ ನಾರೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಇರುವುದಿಲ್ಲ. ಪ್ರತಿಯೊಂದು ನಾರೂ ಗೇಣುದ್ದದ್ದು. ಪಕ್ಕದ ನಾರನ್ನು ಅಪ್ಪಿರುವುದರಿಂದಲೇ ಲಂಗರನ್ನು ತಡೆಯುವ ಶಕ್ತಿ ಬರುತ್ತದೆ. ಹುರಿಗಳು ಒಂದಕ್ಕೊಂದು ಎದುರು ದಿಕ್ಕಿಗೆ ತಿರುವಿಕೊಂಡಿರುವುದೂ ದೋಷವಲ್ಲ. ಆ ಎದುರು ತಿರುವೇ ಹಗ್ಗ ಬಿಚ್ಚಿಕೊಳ್ಳದಂತೆ ಕಾಯುತ್ತದೆ. ಇಬ್ನ್ ಅಬ್ಬಾಸ್(ರ) ಮತ್ತು ಇಬ್ನ್ ಮಸ್‌ಊದ್(ರ) ಒಂದು ಪದದ ಕುರಿತು ಬೇರೆ ಬೇರೆ ಹೇಳಿದರೂ ಹಿಡಿದದ್ದು ಒಂದೇ ಹಗ್ಗವನ್ನು.